ಕೀವನ್ನು ಮುತ್ತೆಂದು ಬರೆದವರು

ಕಳೆದ ತಿಂಗಳು ಚಿಕ್ಕಬಳ್ಳಾಪುರದಲ್ಲಿ ನಮ್ಮ ಪತ್ರಿಕೆಯ ಸಂಪಾದಕರಾಗಿದ್ದವರ ಶ್ರದ್ಧಾಂಜಲಿ ಸಭೆ ನಡೆಯಿತು. ಐವರು ಮಾತನಾಡಿದರು, ಐವರೂ ಅವರ ಭಾಷೆಯನ್ನೇ ಹೊಗಳಿದರು. ಅವರ ಗದ್ಯದಲ್ಲಿ ಹಿಪ್ಪುನೇರಳೆ ಸೊಪ್ಪಿನ ಹಸಿ ವಾಸನೆ ಬರುತ್ತಿತ್ತೆಂದು ಒಬ್ಬರು ಹೇಳಿದಾಗ ಮುಂದಿನ ಸಾಲಿನಲ್ಲಿದ್ದವರು ತಲೆದೂಗಿದರು. ಹಾಗೆ ಹೇಳಿದವರು ಹಿಪ್ಪುನೇರಳೆ ತೋಟಕ್ಕೆ ಕಾಲಿಟ್ಟವರಲ್ಲ ಎಂಬುದು ನನಗೆ ಗೊತ್ತಿದೆ. ಸಭೆ ಮುಗಿದ ಮೇಲೆ ಸ್ಮರಣ ಸಂಚಿಕೆಯ ಹೊಣೆ ಹೊತ್ತವರು ನನ್ನ ಬಳಿ ಬಂದು, ನೀವು ಅವರ ಜೊತೆ ಒಂಬತ್ತು ವರ್ಷ ಕೆಲಸ ಮಾಡಿದವರು, ಒಂದು ಸವಿನೆನಪು ಬರೆದುಕೊಡಬೇಕು ಎಂದರು. ಬರೆಯುತ್ತೇನೆ, ಆದರೆ ಒಂದಕ್ಷರವನ್ನೂ ತಿದ್ದಬಾರದು ಎಂದೆ. ಅವರು ಒಪ್ಪಿದರು. ಸವಿಯ ಬಗ್ಗೆ ನಾನು ಯಾವ ಮಾತೂ ಕೊಡಲಿಲ್ಲ.

ಶಿಡ್ಲಘಟ್ಟದಲ್ಲಿ ಆಗ ರೇಷ್ಮೆ ಬೆಳೆಗಾರರ ಒಂದು ಸಂಘವಿತ್ತು. ಈಗ ಅದು ಮುಚ್ಚಿಹೋಗಿದೆ. ಊರೂರಿಗೆ ಹೋಗಿ ಹುಳುಮನೆಗಳನ್ನು ನೋಡಿ ಸಲಹೆ ಹೇಳುವುದು ನನ್ನ ಕೆಲಸ. ಸಂಘ ತಿಂಗಳಿಗೊಮ್ಮೆ ನಾಲ್ಕು ಪುಟದ ಪತ್ರಿಕೆಯೊಂದನ್ನು ತರುತ್ತಿತ್ತು. ಅವರು ಅದರ ಸಂಪಾದಕರು. ವಿಷಯವನ್ನು ನಾನು ಬರೆದುಕೊಡಬೇಕು, ಅವರು ತಿದ್ದಿ ಅಚ್ಚಿಗೆ ಕೊಡಬೇಕು, ಲೇಖನದ ಕೆಳಗೆ ನನ್ನ ಹೆಸರು ಬರಬೇಕು. ಏರ್ಪಾಡು ಹಾಗಿತ್ತು. ಹುಳು ಸಾಕುವವರು ಆ ಪತ್ರಿಕೆಯ ಮಾತನ್ನು ನಂಬುತ್ತಿದ್ದರೆ ಅದಕ್ಕೆ ಕಾರಣ ಆ ಹೆಸರು. ಹೆಸರಿನ ಮನುಷ್ಯ ತಮ್ಮ ಬಾಗಿಲಿಗೆ ಬಂದು, ಕೈ ತೊಳೆದುಕೊಂಡು, ಹುಳು ಮುಟ್ಟಿ ನೋಡಿದವನೆಂದು ಅವರಿಗೆ ಗೊತ್ತಿತ್ತು. ಇಪ್ಪತ್ತೆರಡನೆಯ ವಯಸ್ಸಿನಿಂದ ಸೈಕಲ್ ತುಳಿದು ನಾನು ಸಂಪಾದಿಸಿದ್ದು ಅದೊಂದನ್ನೇ.

ಅವರು ಎತ್ತರದ ಮನುಷ್ಯ. ಬಿಳಿ ಜುಬ್ಬಾ ತೊಡುತ್ತಿದ್ದರು, ಅದರ ಮೇಲೆ ಒಂದು ಕಲೆಯನ್ನೂ ನಾನು ಕಂಡಿಲ್ಲ. ಓದುವಾಗ ಎಡ ಅಂಗೈಯನ್ನು ಮೇಲಕ್ಕೆ ತೆರೆದು, ರೇಷ್ಮೆಗೂಡಿನ ತೂಕ ನೋಡುವವರಂತೆ ಮೆಲ್ಲಗೆ ಅಲುಗಿಸುತ್ತಿದ್ದರು. ವಾಕ್ಯ ಸರಿಯಿಲ್ಲದಿದ್ದರೆ ಕೈ ನಿಂತುಬಿಡುತ್ತಿತ್ತು. ನಾನು ಬರೆದದ್ದನ್ನು ಓದುವಾಗ ಆ ಕೈ ಅಲುಗಿದ ನೆನಪು ನನಗಿಲ್ಲ. ಚಿಂತಾಮಣಿಯಲ್ಲಿ ಬೆಳೆಗಾರರ ಸಭೆ ನಡೆದ ದಿನ, ಏಳು ಜನರ ಎದುರಿಗೆ, ನನ್ನ ಬರವಣಿಗೆ ಪಂಚಾಂಗದ ಹಾಗಿದೆ, ಓದಿದರೆ ದಿನ ತಿಳಿಯುತ್ತದೆ, ದಿನದ ಬಿಸಿಲು ತಿಳಿಯುವುದಿಲ್ಲ ಎಂದರು. ಏಳು ಜನವೂ ನಕ್ಕರು. ಯಾರು ಎಲ್ಲಿ ಕೂತಿದ್ದರು, ಯಾರು ಮೊದಲು ನಕ್ಕರು ಎಂಬುದನ್ನು ಈಗಲೂ ಹೇಳಬಲ್ಲೆ.

ಬರೆದದ್ದನ್ನು ಪರೀಕ್ಷಿಸಲು ಅವರದೊಂದು ವಿಧಾನವಿತ್ತು. ಬಸ್ ನಿಲ್ದಾಣದ ಎದುರಿಗೆ ಬಾಬಾಜಾನರ ಚಹಾ ಅಂಗಡಿ. ಜನ ಮುತ್ತಿರುವ ಹೊತ್ತು ನೋಡಿಕೊಂಡೇ ಅಲ್ಲಿಗೆ ಹೋಗಿ, ಹಾಳೆ ಬಿಡಿಸಿ, ಬಾಬಾಜಾನರಿಗೆ ಕೇಳಿಸುವಂತೆ ಓದುತ್ತಿದ್ದರು. ಚಹಾ ಎತ್ತಿ ಹುಯ್ಯುತ್ತಿದ್ದ ಬಾಬಾಜಾನರ ಕೈ ಎಲ್ಲಿ ನಿಲ್ಲುತ್ತದೋ ಆ ವಾಕ್ಯ ಗೆದ್ದಂತೆ. ನಿಲ್ಲದಿದ್ದರೆ ಅಲ್ಲೇ ಹೊಡೆದು ಹಾಕಿ ಇನ್ನೊಂದನ್ನು ಬರೆಯುತ್ತಿದ್ದರು. ಗಿರಾಕಿಗಳು ಚಹಾಕ್ಕಾಗಿ ಗೊಣಗುತ್ತಿದ್ದರೆ ಅವರ ಮುಖ ಅರಳುತ್ತಿತ್ತು.

"ವಿಷಯ ಯಾರು ಬೇಕಾದ್ರೂ ಬರೀತಾರೆ ಕಣಪ್ಪ," ಎಂದು ಒಮ್ಮೆ ನನಗೆ ಹೇಳಿದರು. "ಓದೋನ ಕೈಲಿರೋ ಕೆಲಸ ಬೀಳಬೇಕು. ಅದು ಬರಹ."

ಅವರಿಗೆ ಶಕ್ತಿಯಿರಲಿಲ್ಲವೆಂದು ನಾನು ಹೇಳುವುದಿಲ್ಲ. ಹಾಗೆ ಹೇಳಿದರೆ ನನ್ನ ಸಿಟ್ಟು ಸುಳ್ಳಾಗುತ್ತದೆ. ನಾಲ್ಕನೆಯ ಜ್ವರ ಕಳೆದ ಹುಳುಗಳು, ಅಂದರೆ ನಾಲ್ಕನೆಯ ಬಾರಿ ಪೊರೆ ಬಿಟ್ಟ ಹುಳುಗಳು, ಹಗಲೂ ರಾತ್ರಿ ಸೊಪ್ಪು ತಿನ್ನುತ್ತವೆ. ಆ ಸದ್ದನ್ನು ಅವರು ಹೀಗೆ ಬರೆದಿದ್ದರು: ಪಕ್ಕದ ಮನೆಯವರು ಕಾಗದದ ಪೊಟ್ಟಣವೊಂದನ್ನು ಬಿಚ್ಚುತ್ತಲೇ ಇದ್ದಾರೆ, ಒಳಗಿರುವುದು ಮಾತ್ರ ಇನ್ನೂ ಸಿಕ್ಕಿಲ್ಲ. ಜಂಗಮಕೋಟೆಯ ಹೆಂಗಸರಿಗೆ ನಾನೇ ಇದನ್ನು ಓದಿ ಹೇಳಿದೆ. ಹುಟ್ಟಿದಂದಿನಿಂದ ಆ ಸದ್ದಿನ ಪಕ್ಕದಲ್ಲೇ ಮಲಗಿದವರು ಅವರು. ಓದಿ ಮುಗಿಸಿದಾಗ ಎಲ್ಲರೂ ಹುಳುಮನೆಯ ಕಡೆ ಕಿವಿಗೊಟ್ಟು ಕೂತಿದ್ದರು. ಕೇಳಿದ್ದನ್ನೇ ಮತ್ತೆ ಕೇಳುವಂತೆ ಮಾಡಿದ್ದು ಒಂದು ವಾಕ್ಯ. ಅಂಥ ವಾಕ್ಯ ನನ್ನಿಂದ ಎಂದೂ ಆಗಲಿಲ್ಲ.

ಆದರೆ ಅದೇ ಕೈ ಎಲ್ಲದರ ಮೇಲೂ ಒಂದೇ ಮೆರುಗು ಬಳಿಯುತ್ತಿತ್ತು. ಒದ್ದೆ ಸೊಪ್ಪು ಕೊಡಬೇಡಿ ಎಂದು ನಾನು ಬರೆದುಕೊಟ್ಟರೆ, ಇರುಳೆಲ್ಲ ಇಬ್ಬನಿ ಕುಡಿದು ತಣಿದ ಎಲೆ ಎಂದು ಶುರು ಮಾಡುತ್ತಿದ್ದರು; ಕೊಡಬಾರದೆಂಬ ಮಾತು ನಾಲ್ಕು ಸಾಲು ಕಳೆದ ಮೇಲೆ ಬರುತ್ತಿತ್ತು. ಮುರುಗಮಲ್ಲದ ಕಡೆಯ ಬೆಳೆಗಾರರೊಬ್ಬರು ಆ ಸಂಚಿಕೆ ಹಿಡಿದು, ಇಬ್ಬನಿ ಕುಡಿದಿರೋದು ಅಂದರೆ ಒಳ್ಳೆಯದೋ ಕೆಟ್ಟದ್ದೋ ಎಂದು ನನ್ನನ್ನು ಕೇಳಿದರು. ನಾನು ಅದನ್ನು ಸಂಪಾದಕರಿಗೆ ತಿಳಿಸಿದೆ. ಓದುಗನನ್ನು ಅಷ್ಟು ದಡ್ಡನೆಂದು ತಿಳಿಯಬೇಡ ಎಂದು ಅವರು ನನಗೇ ಬುದ್ಧಿ ಹೇಳಿದರು. ಆ ಬೆಳೆಗಾರರು ದಡ್ಡರಾಗಿರಲಿಲ್ಲ. ಬಣ್ಣನೆಯ ದನಿ ಹೊಗಳುತ್ತಿದೆ, ಅರ್ಥ ಬೇಡವೆನ್ನುತ್ತಿದೆ, ಯಾವುದನ್ನು ಹಿಡಿಯಲಿ ಎಂದು ಕೇಳಿದ್ದರು. ಆ ಪ್ರಶ್ನೆಗೆ ಉತ್ತರ ಕೊಡದೆ ಅವರನ್ನೇ ಹೀಗಳೆದದ್ದನ್ನು ನಾನು ಬರೆದಿಟ್ಟುಕೊಂಡೆ.

ಎಂಬತ್ತರ ದಶಕದ ನಡುವೆ, ಮಳೆ ಹಿಡಿದುಕೊಂಡ ಒಂದು ತಿಂಗಳು, ಜಂಗಮಕೋಟೆಯ ಸುತ್ತ ಹಾಲುತೊಂಡೆ ರೋಗ ಕಾಣಿಸಿಕೊಂಡಿತು. ರೇಷ್ಮೆಹುಳುವಿಗೆ ಬರುವ ರೋಗ ಅದು. ಒಂದು ಹುಳು ಒಡೆದರೆ ಅದನ್ನು ಸಾಕುವ ತಟ್ಟೆಯೇ ಕೆಡುತ್ತದೆ. ನಾನು ಎಂಟು ಸಾಲು ಬರೆದುಕೊಟ್ಟೆ. ಮೊದಲ ಸಾಲಿನಲ್ಲೇ ರೋಗದ ಹೆಸರಿತ್ತು. ಆಮೇಲೆ: ಹುಳುವಿನ ಮೈ ಗೆಣ್ಣುಗೆಣ್ಣಿಗೂ ಊದಿಕೊಳ್ಳುತ್ತದೆ, ಚರ್ಮ ಬಿಗಿದು ಮಿರಮಿರ ಎನ್ನುತ್ತದೆ, ಸೊಪ್ಪು ಬಿಟ್ಟು ತಟ್ಟೆಯ ಅಂಚಿನಲ್ಲಿ ಸುಮ್ಮನೆ ಓಡಾಡುತ್ತದೆ, ಮುಟ್ಟಿದರೆ ಒಡೆದು ಕೀವಿನಂಥ ನೀರು ಸುರಿಯುತ್ತದೆ. ಕಂಡ ತಕ್ಷಣ ಒಡೆಯದಂತೆ ತೆಗೆದು ಸುಣ್ಣದ ನೀರಿಗೆ ಹಾಕಿ ದೂರ ಹೂಳಿ.

ಅವರ ಕೈ ಕೀವು ಎಂಬ ಶಬ್ದದ ಮೇಲೆ ನಿಂತಿತು. ಹೆಂಗಸರು ಮನೆಗೆ ಒಯ್ಯುವ ಪತ್ರಿಕೆ, ದೇವರ ಗೂಡಿನಲ್ಲಿಡುವವರೂ ಇದ್ದಾರೆ, ಅಲ್ಲಿ ಕೀವು ಸುರಿಸುತ್ತೀಯಾ ಎಂದು ಕೇಳಿದರು. ಹೊಲಸನ್ನು ಹೊಲಸೆಂದೇ ಹೇಳಬೇಕಲ್ಲ ಎಂದೆ. ಹೇಳುವ ಬಗೆಯೊಂದಿದೆ ಎಂದರು. ರೋಗದ ಹೆಸರು ಮೊದಲ ಸಾಲಿನಲ್ಲಿರುವುದೂ ಅವರಿಗೆ ಹಿಡಿಸಲಿಲ್ಲ.

"ಹೆಸರು ಮೊದ್ಲೇ ಹೇಳ್ಬಿಟ್ರೆ ಪುಟ ಯಾರಪ್ಪ ತಿರುಗಿಸ್ತಾರೆ? ಒಂಚೂರು ಕಾಯಿಸ್ಬೇಕು ಓದೋರನ್ನ."

ಎರಡು ದಿನದ ಮೇಲೆ ಬಾಬಾಜಾನರ ಅಂಗಡಿಯಲ್ಲಿ ಅವರು ಓದಿದ್ದು ಇದು. 'ಅಂಚಿನಲ್ಲಿ ಅಲೆಯುವ ಅತಿಥಿ' ಎಂದು ತಲೆಬರಹ. "ತುಂಬು ಬಸುರಿಯಂತೆ ಮೈದುಂಬಿಕೊಂಡು, ಮುತ್ತಿನ ಹೊಳಪು ತಾಳಿ, ಹಾಲುಬಣ್ಣದ ಈ ಪುಟ್ಟ ಜೀವ ಇದ್ದಕ್ಕಿದ್ದಂತೆ ಆಹಾರವನ್ನು ತೊರೆಯುತ್ತದೆ. ಏನನ್ನೋ ಅರಸುತ್ತ ತಟ್ಟೆಯ ಅಂಚಿನಲ್ಲಿ ಅಲೆಯುತ್ತದೆ. ಅದನ್ನು ಬೆರಳ ತುದಿಯಿಂದ, ನೋಯದಂತೆ, ಒಡನಾಡಿಗಳಿಂದ ಬೇರ್ಪಡಿಸಿ." ಮೊದಲ ಪುಟ ಅಲ್ಲಿಗೆ ಮುಗಿಯುತ್ತಿತ್ತು. ಅದು ರೋಗವೆಂಬುದು, ಅದರ ಹೆಸರು, ಸುಣ್ಣದ ನೀರು, ಹೂಳುವುದು, ಎಲ್ಲವೂ ಎರಡನೆಯ ಪುಟದಲ್ಲಿ.

ಬಾಬಾಜಾನರ ಕೈ ನಿಂತಿತು. ಚಹಾದ ಲೋಟ ಮೇಲೇ ಉಳಿಯಿತು. ಸೀಮಂತದ ಹೆಣ್ಣಿನ ಬಗ್ಗೆ ಬರೆದಿದೀರಾ ಸಾರ್ ಎಂದು ಕೇಳಿದರು. ಸಂಪಾದಕರು ತೊಡೆ ತಟ್ಟಿಕೊಂಡು ನಕ್ಕರು.

ನಾನೂ ನಕ್ಕೆ. ಅಲ್ಲಿ ಕೂತಿದ್ದವರಲ್ಲಿ ಆ ಹುಳುವನ್ನು ಕಣ್ಣಾರೆ ಕಂಡವನು ನಾನೊಬ್ಬನೇ. ಬಾಬಾಜಾನರ ಪ್ರಶ್ನೆಯಲ್ಲಿ ಎಲ್ಲವೂ ಇತ್ತು: ಕೇಳಿದವನ ಮನಸ್ಸಿಗೆ ಹಬ್ಬ ಬಂದಿತ್ತು, ಭಯ ಬಂದಿರಲಿಲ್ಲ. ಅದು ನನಗೆ ಕಾಣಲಿಲ್ಲ. ಓದು ಚೆನ್ನಾಗಿತ್ತು, ನನ್ನ ಹೆಸರಿನ ಮೇಲೆ ಅಷ್ಟು ಚೆಂದದ ಮಾತು ಅಚ್ಚಾಗುವುದರಲ್ಲಿ ಒಂದು ಸುಖವೂ ಇತ್ತು. ಸಂಚಿಕೆ ಹೋಯಿತು.

ಜಂಗಮಕೋಟೆಯಲ್ಲಿ ವೆಂಕಟಲಕ್ಷ್ಮಮ್ಮ ಎಂಬಾಕೆ ಇದ್ದರು. ಗಂಡ ತೀರಿಹೋಗಿದ್ದರು, ಹುಳುಮನೆಯನ್ನು ಒಬ್ಬರೇ ನಡೆಸುತ್ತಿದ್ದರು. ನಲವತ್ತು ದಾಟಿದ ಮೇಲೆ ವಯಸ್ಕರ ತರಗತಿಯಲ್ಲಿ ಅಕ್ಷರ ಕಲಿತವರು. ಆಕೆ ಓದುವುದನ್ನು ನೋಡಬೇಕಿತ್ತು. ಬೆರಳಿಟ್ಟು, ತುಟಿಯಾಡಿಸಿ, ಒಂದು ಪದ ಮುಗಿದ ಮೇಲೆ ತಲೆಯೆತ್ತಿ ಅದನ್ನು ನಿಧಾನವಾಗಿ ಒಳಗೆಳೆದುಕೊಂಡು ಮುಂದಿನದಕ್ಕೆ ಹೋಗುತ್ತಿದ್ದರು. ಸಂಘದ ಪತ್ರಿಕೆ ಆಕೆ ತಾನಾಗಿ ಓದಿದ ಮೊದಲ ಕಾಗದ. ಮೊದಲು ಕೆಳಗಿನ ಹೆಸರು ಓದಿ, ನಮ್ಮ ಸ್ವಾಮಿಯೋರೇ ಬರ್ದಿರೋದು ಎಂದುಕೊಂಡು, ಆಮೇಲೆ ಮೇಲಿನಿಂದ ಶುರು ಮಾಡುತ್ತಿದ್ದರು.

ಆ ತಿಂಗಳು ಆಕೆಯ ಹುಳು ನಾಲ್ಕನೆಯ ಜ್ವರ ಕಳೆದು ಐದು ದಿನವಾಗಿತ್ತು. ಇನ್ನೆರಡು ದಿನಕ್ಕೆ ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾಗಬೇಕು. ಹಣ್ಣಾದ ಹುಳುವೂ ಹೊಳೆಯುತ್ತದೆ, ಸೊಪ್ಪು ಬಿಡುತ್ತದೆ, ಅಂಚಿಗೆ ಬಂದು ತಲೆಯೆತ್ತಿ ಅಲೆಯುತ್ತದೆ. ಅದನ್ನು ಆರಿಸಿ, ಬಿದಿರಿನ ಚಂದ್ರಿಕೆಗೆ ಬಿಟ್ಟರೆ ಅಲ್ಲಿ ಗೂಡು ಕಟ್ಟುತ್ತದೆ. ವೆಂಕಟಲಕ್ಷ್ಮಮ್ಮ ತಟ್ಟೆಯ ಅಂಚಿನಲ್ಲಿ ಕೆಲವು ಹುಳು ಕಂಡರು. ದಿನ ತುಂಬಿರಲಿಲ್ಲ, ಮೈಯ ಊತವೂ ಅವರಿಗೆ ಸರಿಬರಲಿಲ್ಲ. ಅನುಮಾನ ಬಂದು ಪತ್ರಿಕೆ ತೆಗೆದರು. ಮೈದುಂಬಿಕೊಂಡು ಎಂದು ಬರೆದಿತ್ತು. ಮುತ್ತಿನ ಹೊಳಪು ಎಂದು ಬರೆದಿತ್ತು. ಬೆರಳ ತುದಿಯಿಂದ ಬೇರ್ಪಡಿಸಿ ಎಂದಿತ್ತು. ಮೊದಲ ಪುಟದ ಕೊನೆಯವರೆಗೆ ಬರುವುದಕ್ಕೇ ಆಕೆಗೆ ಅರ್ಧ ಗಂಟೆ ಬೇಕಾಯಿತು. ಹುಳು ಕಾಯುವುದಿಲ್ಲ. ಹಣ್ಣಾದ ಹುಳುವೇ ಇರಬೇಕೆಂದು ಪತ್ರಿಕೆ ಮಡಚಿಟ್ಟು, ಆ ಹುಳುಗಳನ್ನೆಲ್ಲ ನೋಯದಂತೆ ಆರಿಸಿ ಚಂದ್ರಿಕೆಗೆ ಬಿಟ್ಟರು. ಎರಡು ದಿನ ಕಳೆದು ಹಣ್ಣಾದ ಒಳ್ಳೆಯ ಹುಳುಗಳನ್ನೂ ಅದೇ ಚಂದ್ರಿಕೆಗಳಲ್ಲಿ ತುಂಬಿದರು. ರೋಗದ ಹುಳು ಮೇಲಿನಿಂದ ಒಡೆದು ಕೆಳಗಿನವುಗಳ ಮೇಲೆ ಸುರಿಯಿತು. ಗೂಡು ಕಟ್ಟುತ್ತಿದ್ದವೂ ನೂಲಿನ ನಡುವೆಯೇ ಕಪ್ಪಾಗಿ ಜೋತುಬಿದ್ದವು. ಬೆಳೆ ಪೂರ್ತಿ ಹೋಯಿತು. ಅದೇ ಸಂಚಿಕೆ ಓದಿ ಅದೇ ತಪ್ಪು ಮಾಡಿದ ಮನೆ ಆ ಊರಿನಲ್ಲಿ ಇನ್ನೂ ಎರಡಿದ್ದವು.

ಆಕೆ ಬಸ್ಸು ಹಿಡಿದು ಶಿಡ್ಲಘಟ್ಟಕ್ಕೆ ಬಂದರು. ಆ ಹೊತ್ತಿಗೆ ನಾನು ಕಚೇರಿಯಲ್ಲಿದ್ದೆ. ಸೊಪ್ಪಿನಲ್ಲಿ ಸುತ್ತಿ ತಂದಿದ್ದನ್ನು ಆಕೆ ಸಂಪಾದಕರ ಮೇಜಿನ ಮೇಲಿಟ್ಟು ಬಿಚ್ಚಿದರು. ವಾಸನೆ ಗೋಡೆಯವರೆಗೂ ಹೋಯಿತು. ಪಕ್ಕದಲ್ಲಿ ಪತ್ರಿಕೆಯನ್ನೂ ಬಿಡಿಸಿಟ್ಟರು.

"ಇದ್ರಲ್ಲಿ ಮುತ್ತು ಯಾವ್ದು ತೋರ್ಸಿ ಸ್ವಾಮಿ," ಎಂದರು.

ಅವರು ಕುರ್ಚಿ ಹಿಂದಕ್ಕೆ ಸರಿಸಿ, ವಸ್ತ್ರದಿಂದ ಮೂಗು ಮುಚ್ಚಿಕೊಂಡು, ಇದೇನಮ್ಮ ಇದು ಎಂದು ಕೇಳಿದರು. ತಾವು ತುಂಬು ಬಸುರಿಯೆಂದು ಬಣ್ಣಿಸಿದ ಜೀವಿಯನ್ನು ಅವರು ಆ ದಿನ ಮೊದಲ ಬಾರಿ ನೋಡುತ್ತಿದ್ದರು. ಎರಡನೆಯ ಪುಟದಲ್ಲಿ ಎಲ್ಲವೂ ಇತ್ತಲ್ಲಮ್ಮ, ನೀನು ಪೂರ್ತಿ ಓದಬೇಕಿತ್ತು ಎಂದರು. ಆಕೆ ನನ್ನ ಕಡೆ ತಿರುಗಿದರು.

"ನನ್ ಕಣ್ಣು ಬ್ಯಾಡ ಅಂತಿತ್ತು. ಈ ಹುಳ ಸರಿಯಿಲ್ಲ ಅಂತಾನೇ ಅಂತಿತ್ತು. ನಿಮ್ ಹೆಸ್ರು ಐತಲ್ಲ ಅಂತ ನನ್ ಕಣ್ಣನ್ನೇ ಸುಳ್ಳು ಮಾಡ್ಕೊಂಡೆ."

ನಾನು ಬರೆದದ್ದಲ್ಲ ಎಂದು ಹೇಳಬೇಕೆಂದು ಬಾಯಿ ತೆರೆದೆ. ಮೇಜಿನ ಮೇಲೆ ಹೆಸರಿತ್ತು. ಅವರು ಹೇಳಬಹುದಿತ್ತು, ಬರೆದವನು ನಾನು, ಈತನಲ್ಲ ಎಂದು ಮೂರು ಮಾತು. ಅವರು ಕಿಟಕಿ ತೆರೆಯಲು ಎದ್ದರು. ಅವರ ಎಷ್ಟೋ ಸಂಗತಿಗಳನ್ನು ಮನ್ನಿಸಿದ್ದೇನೆ, ಪಂಚಾಂಗವೆಂದದ್ದನ್ನೂ ಮನ್ನಿಸಬಹುದೇನೋ. ಕಿಟಕಿಯ ಕಡೆಗೆ ತಿರುಗಿದ ಆ ಬೆನ್ನನ್ನು ಮನ್ನಿಸಿಲ್ಲ.

ಆಕೆ ಹೋದ ಮೇಲೆ ಮೂರು ದಿನ ಅವರು ಬಾಬಾಜಾನರ ಅಂಗಡಿಗೆ ಬರಲಿಲ್ಲ, ಊಟವನ್ನೂ ಸರಿಯಾಗಿ ಮಾಡಲಿಲ್ಲವೆಂದು ಕೇಳಿದೆ. ಇದನ್ನೂ ಬರೆಯುವುದು ನ್ಯಾಯ. ತಿದ್ದುಪಡಿ ಹಾಕಬೇಕೆಂದು ನಾನು ಪಟ್ಟು ಹಿಡಿದಾಗ ಅವರು ಮರುಮಾತಿಲ್ಲದೆ ಒಪ್ಪಿದರು. ನಾಲ್ಕನೆಯ ದಿನ 'ವಿಷಾದ' ಎಂಬ ಅರ್ಧ ಪುಟ ಸಿದ್ಧವಾಗಿತ್ತು. ಅದನ್ನು ನಾನು ಎರಡು ಸಲ ಓದಿದೆ. ಹೆಣ್ಣೊಬ್ಬಳ ಬರಿದಾದ ಚಂದ್ರಿಕೆ, ಕಟ್ಟದೆ ಉಳಿದ ಗೂಡುಗಳ ಮೌನ, ಲೇಖನಿಯ ತುದಿಯಲ್ಲಿ ಒಣಗಿದ ಮಸಿಯ ಪಶ್ಚಾತ್ತಾಪ, ಎಲ್ಲವೂ ಇದ್ದವು. ಯಾವ ಹುಳುವನ್ನು ಎಸೆಯಬೇಕೆಂಬುದು ಇರಲಿಲ್ಲ. ಯಾವ ವಾಕ್ಯ ತಪ್ಪಾಗಿತ್ತೆಂಬುದೂ ಇರಲಿಲ್ಲ. ಯಾರು ಬರೆದದ್ದೆಂಬುದಂತೂ ಇರಲೇ ಇಲ್ಲ. ಇದರಲ್ಲಿ ತಿದ್ದುಪಡಿ ಎಲ್ಲಿದೆ ಎಂದು ಕೇಳಿದೆ. ಮನಸ್ಸು ಕರಗಿದರೆ ಉಳಿದದ್ದು ತಾನಾಗಿ ತಿಳಿಯುತ್ತದೆ ಎಂದರು. ಅದು ಹಾಗೆಯೇ ಅಚ್ಚಾಯಿತು. ಚಿಂತಾಮಣಿಯಿಂದ, ಗೌರಿಬಿದನೂರಿನಿಂದ ಮೆಚ್ಚುಗೆಯ ಕಾಗದಗಳು ಬಂದವು. ಓದಿ ಕಣ್ಣು ತುಂಬಿತು ಎಂದು ಒಬ್ಬ ಉಪಾಧ್ಯಾಯರು ಬರೆದಿದ್ದರು. ಆ ವರ್ಷ ಗೌರಿಬಿದನೂರಿನಲ್ಲಿ ಅವರಿಗೆ ಶಾಲು ಹೊದಿಸಿದಾಗ ಅದೇ ಅರ್ಧ ಪುಟವನ್ನು ವೇದಿಕೆಯ ಮೇಲೆ ಓದಿಸಿದರು. ನಾನು ಸಭೆಯ ಹಿಂದಿನ ಸಾಲಿನಲ್ಲಿದ್ದೆ. ಓದುವವರ ಪಕ್ಕದಲ್ಲಿ ಕೂತು ಅವರು ಎಡ ಅಂಗೈ ತೆರೆದು ಅಲುಗಿಸುತ್ತಿದ್ದರು.

ವರ್ಣನೆ ಎಂಬುದು ಅಲಂಕಾರವೆಂದು ಭಾವಿಸುವವರು ಅವರನ್ನು ಇಂದಿಗೂ ಗುರುವೆನ್ನುತ್ತಾರೆ. ಆ ಎರಡು ಬರಹಗಳಿಂದ ನಾನು ಕಲಿತದ್ದು ಬೇರೆ. ಓದುವವನು ಸಂತೋಷಪಡಬೇಕೋ ಹೆದರಬೇಕೋ ಎಂಬುದನ್ನು ಒಂದು ವಿಶೇಷಣ ತೀರ್ಮಾನಿಸಿಬಿಡುತ್ತದೆ. ಆಮೇಲೆ ಬರುವ ಅರ್ಥ ಎಷ್ಟೇ ಕೂಗಿದರೂ ಕೇಳಿಸುವುದಿಲ್ಲ. ಹೊಲಸಿನ ಪಕ್ಕದಲ್ಲಿ ಮುತ್ತೆಂಬ ಮಾತನ್ನಿಡುವವನಿಗೆ ಹೊಲಸನ್ನು ನೋಡಿರಬೇಕಾದ ಹೊಣೆಯಿದೆ. ಅವರು ಕಿವಿಯಿಂದ ಬರೆದರು. ಹುಳು ಸೊಪ್ಪು ತಿನ್ನುವ ಸದ್ದಿನಲ್ಲಿ ಅದು ಗೆದ್ದಿತು, ಏಕೆಂದರೆ ಆ ಸದ್ದನ್ನು ಅವರು ನಿಜವಾಗಿ ಕೇಳಿದ್ದರು. ನೋಡದೆ ಬರೆದ ಕಡೆ ಅದೇ ಕಲೆ ಮೂರು ಮನೆಗಳ ಬೆಳೆ ತಿಂದಿತು.

ತೊಂಬತ್ತರ ದಶಕದ ಆರಂಭದಲ್ಲಿ ನಾನು ಸಂಘವನ್ನು ಬಿಟ್ಟೆ. ಬಿಡುವ ಮುನ್ನ ಒಂದು ಕೆಲಸ ಮಾಡಿದೆ. ನನ್ನ ಹಳೆಯ ಎಂಟು ಸಾಲನ್ನು, ಕೀವಿನೊಂದಿಗೆ, ರೋಗದ ಹೆಸರು ಮೊದಲ ಸಾಲಿನಲ್ಲೇ ಇರುವಂತೆ, ಒಂದೇ ಮಗ್ಗುಲಿಗೆ ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿ, ಕೆಳಗೆ ಹೆಸರು ಕೊಟ್ಟು, ಊರೂರಿಗೆ ಹಂಚಿದೆ. ಅವರು ಅದನ್ನು ನೋಡಿ, ಆಸ್ಪತ್ರೆಯ ಬೋರ್ಡಿನ ಹಾಗಿದೆ ಎಂದರಂತೆ. ಎಲ್ಲ ಊರಿಗೂ ಹೋದ ಮೇಲೆ ಕೊನೆಗೆ ಜಂಗಮಕೋಟೆಗೆ ಹೋದೆ. ಅಲ್ಲಿಯವರೆಗೂ ಆ ಬಾಗಿಲಿಗೆ ಹೋಗುವ ಧೈರ್ಯ ನನಗೆ ಬಂದಿರಲಿಲ್ಲ.

ವೆಂಕಟಲಕ್ಷ್ಮಮ್ಮ ಹುಳುಮನೆಯ ಬಾಗಿಲಲ್ಲಿ ಸೊಪ್ಪು ಹೆಚ್ಚುತ್ತಿದ್ದರು. ಕೂತುಕೊಳ್ಳಿ ಎಂದರು, ಚಾಪೆ ಹಾಕಿದರು. ಹಾಳೆ ಕೊಟ್ಟೆ. ಕೈ ಒರೆಸಿಕೊಂಡು ತೆಗೆದುಕೊಂಡರು. ಈ ಸಲ ಕೆಳಗಿನಿಂದ ಶುರು ಮಾಡಲಿಲ್ಲ. ಮೊದಲ ಸಾಲಿನ ಮೇಲೆ ಬೆರಳಿಟ್ಟು, ತುಟಿಯಾಡಿಸುತ್ತ, ಕೊನೆಯವರೆಗೂ ಓದಿದರು. ಹಾಳೆ ತಿರುಗಿಸಿ ಹಿಂಬದಿ ನೋಡಿದರು. ಅಲ್ಲೇನೂ ಇರಲಿಲ್ಲ.

"ಇಷ್ಟೇನಾ ಸ್ವಾಮಿ?"

ಇಷ್ಟೇ ಎಂದೆ. ಆಗ ಹೇಳಿದೆ. ಮೊದಲನೆಯದನ್ನು ಬರೆದವನು ನಾನಲ್ಲ, ಆದರೆ ಅಚ್ಚಿಗೆ ಮೊದಲು ಕೇಳಿಸಿಕೊಂಡಿದ್ದೆ, ಚೆನ್ನಾಗಿದೆಯೆಂದು ಸುಮ್ಮನಿದ್ದೆ ಎಂದು. ಅಷ್ಟು ವರ್ಷದಲ್ಲಿ ಅದನ್ನು ಯಾರಿಗೂ ಹೇಳಿರಲಿಲ್ಲ. ಆಕೆ ತಲೆಯಾಡಿಸಿದರು, ಕೋಪ ತೋರಿಸಲಿಲ್ಲ. ಹಾಳೆಯ ಕೆಳಭಾಗವನ್ನು ಉಗುರಿನಿಂದ ಒತ್ತಿ ಮಡಚಿ, ನೇರವಾಗಿ ಹರಿಯಲು ನೋಡಿದರು. ಅದು ಸ್ವಲ್ಪ ಸೊಟ್ಟಗೆ ಹರಿಯಿತು. ನನ್ನ ಹೆಸರಿದ್ದ ಪಟ್ಟಿಯನ್ನು ನನ್ನ ಕೈಗೆ ಕೊಟ್ಟರು.

"ಮಾತು ಸರಿಯೈತೆ, ಇಟ್ಕೊಂತೀನಿ. ಇದು ನಿಮ್ದು."

ಗಂಜಿ ಹಚ್ಚಿ ಹಾಳೆಯನ್ನು ಹುಳುಮನೆಯ ಬಾಗಿಲಿಗೆ ಅಂಟಿಸಿದರು. ಎಂಟು ಸಾಲು, ಕೊನೆಯ ಸಾಲಿನ ಕೆಳಗೆ ಹರಿದ ಅಂಚು. ಆಮೇಲೆ ಸೊಪ್ಪು ಹೆಚ್ಚಲು ಕೂತರು.